ಹಜೀರಾಬೀ ಬೆರೆಸಿದ ನೀರು

ಹರಿಹರದ ಹಜೀರಾಬೀಗೆ ಕುರಿ ಹೊಟ್ಟೆಯೊಳಗಿನದೆಲ್ಲ ಗೊತ್ತಿತ್ತು. ಮದುವೆಯಾಗಿ ಬಂದ ವರ್ಷದಿಂದ ಆಕೆಯ ಕೆಲಸ ಬೋಟಿ ತೊಳೆಯುವುದು. ಗಂಡ ಮೌಲಾ ಸಾಬ್ ತನ್ನ ಅಣ್ಣನ ಜೊತೆ ಮಟನ್ ಅಂಗಡಿ ನಡೆಸುತ್ತಿದ್ದ. ಬೆಳಿಗ್ಗೆ ಏಳರ ಹೊತ್ತಿಗೆ ಅಂಗಡಿಯಿಂದ ಹೊಟ್ಟೆ, ಕರುಳು ತುಂಬಿದ ಬಕೆಟ್ಟುಗಳು ಮನೆ ಹಿತ್ತಲಿಗೆ ಬರುತ್ತಿದ್ದವು. ಸುಣ್ಣದ ನೀರಲ್ಲಿ ಅದ್ದಿ, ಬಿಸಿನೀರು ಸುರಿದು, ಕೆರೆದು, ಬೆಳ್ಳಗೆ ಮಾಡಿ ಹತ್ತು ಗಂಟೆಯೊಳಗೆ ವಾಪಸ್ ಕಳಿಸಬೇಕು. ಇಪ್ಪತ್ತಾರು ವರ್ಷ ಅದನ್ನೇ ಮಾಡಿದಳು. ಕೈಬೆರಳ ಸಂದಿಯ ಚರ್ಮ ಸುಣ್ಣಕ್ಕೆ ಬೆಂದು ಬೆಂದು ಗಟ್ಟಿಯಾಗಿತ್ತು.

ಮಳೆಗಾಲ ಮುಗಿಯುವ ಹೊತ್ತಿನಲ್ಲಿ ಕುರಿಯ ನಾಲ್ಕು ಹೊಟ್ಟೆಗಳಲ್ಲಿ ಕೊನೆಯದನ್ನು ಸೀಳಿದರೆ ಒಳಗೆ ಹುಳಗಳು ಕಿಕ್ಕಿರಿದಿರುತ್ತಿದ್ದವು. ಕೂದಲಷ್ಟು ಸಣ್ಣ, ಅರ್ಧ ಬೆರಳು ಉದ್ದ, ಕೆಂಪು ಬಿಳಿ ದಾರ ಸೇರಿಸಿ ಹುರಿ ಹಾಕಿದ ಹಾಗೆ. ಮೊದಮೊದಲು ಹೇಸಿಗೆಯಾಗುತ್ತಿತ್ತು. ಆಮೇಲೆ ಅದೂ ಹೋಯಿತು.

ಒಂದು ದಿನ ಆ ಹಿತ್ತಲಿಗೆ ಸ್ಕೂಟಿಯಲ್ಲಿ ಐಸ್ ಡಬ್ಬ ಕಟ್ಟಿಕೊಂಡು ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಹೆಸರು ಮೀನಾಕ್ಷಿ, ದನದ ಡಾಕ್ಟರು. ದಾವಣಗೆರೆ ಹೊರಗಿನ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸ. ಕೇಂದ್ರದ ಹೆಸರು ಇಲ್ಲಿ ಬೇಡ.

"ಕುರಿ ಹೊಟ್ಟೇಲಿ ಹುಳ ಇರ್ತಾವಲ್ಲ, ಜೀವಂತ ಹುಳ ಬೇಕಿತ್ತು," ಅಂದಳು ಸಂಕೋಚದಿಂದ.

"ಯಾವ ಹುಳ ಬೇಕ್ರಿ? ದಾರದಂಗೆ ಇರೋವಾ, ಲಾಡಿಯಂಗೆ ಚಪ್ಪಟೆ ಇರೋವಾ?" ಅಂತ ಕೇಳಿದಳು ಹಜೀರಾಬೀ.

ಮೀನಾಕ್ಷಿ ಆಕೆಯನ್ನೇ ನೋಡಿದಳು. ಅವತ್ತಿನಿಂದ ಎಂಟು ದಿನಕ್ಕೊಮ್ಮೆ ಬರತೊಡಗಿದಳು. ಯಾಕೆ ಬೇಕು ಅನ್ನುವುದನ್ನೂ ಹೇಳಿದಳು. ಅಂಗಡಿಯಲ್ಲಿ ಸಿಗುವ ಜಂತುಹುಳದ ಔಷಧಕ್ಕೆ ಈ ಹುಳಗಳು ಒಗ್ಗಿಹೋಗಿವೆ. ಎಷ್ಟು ಕುಡಿಸಿದರೂ ಸಾಯುವುದಿಲ್ಲ, ಒಳಗೇ ಕೂತು ಕುರಿಯ ರಕ್ತ ಹೀರುತ್ತವೆ. ಪಪ್ಪಾಯಿ ಕಾಯಿಯ ಹಾಲಿನಲ್ಲಿ ಕಿಣ್ವ ಅಂತ ಒಂದು ಸತ್ವ ಇದೆ, ಅದು ಹುಳದ ಮೈ ಮೇಲಿನ ಪೊರೆಯನ್ನೇ ಕರಗಿಸುತ್ತದೆ.

"ಕಬಾಬ್ ಮಾಡೋವಾಗ ಮಾಂಸಕ್ಕೆ ಕಾಯಿ ಪಪ್ಪಾಯಿ ಅರೆದು ಹಚ್ತೀವಲ್ರಿ, ಬೆಣ್ಣೆಯಂಗೆ ಆಗ್ತೈತೆ. ಅದೇನಾ?"

"ಅದೇ," ಅಂದು ಮೀನಾಕ್ಷಿ ನಕ್ಕಳು.

"ಹಂಗಾರೆ ಕುರಿ ಹೊಟ್ಟೇನೂ ಕರಗಲ್ವಾ?"

"ನಮ್ಮ ಮುಖ್ಯಸ್ಥರೂ ಇದನ್ನೇ ಕೇಳಿದ್ರು. ಜೀವ ಇರೋ ಹೊಟ್ಟೆ ಒಳಗಡೆ ಲೋಳೆ ಬಳ್ಕೊಂಡಿರುತ್ತೆ. ಅಳತೆ ಮೀರದಿದ್ರೆ ಏನೂ ಆಗಲ್ಲ. ಆ ಅಳತೆ ಎಷ್ಟು ಅಂತ ನೋಡೋದೇ ನನ್ನ ಕೆಲಸ."

ಒಂದು ತಿಂಗಳ ನಂತರ ಹಜೀರಾಬೀ ಕೇಂದ್ರದಲ್ಲಿ ದಿನಗೂಲಿಗೆ ಸೇರಿದಳು. ಮೌಲಾ ಸಾಬ್ ಮೊದಲು ಮುಖ ಸಿಂಡರಿಸಿದ. ಮಗಳು ಬುಷ್ರಾ ಹಠ ಹಿಡಿದು ಒಪ್ಪಿಸಿದಳು. ಬುಷ್ರಾ ದಾವಣಗೆರೆಯಲ್ಲಿ ಬಿಎಸ್ಸಿ ಓದುತ್ತಿದ್ದಳು. ತಾಯಿ ಮಗಳು ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಬಿಳಿ ಕೋಟು ಹಾಕಿಕೊಂಡ ಮೊದಲ ದಿನ ಹಜೀರಾಬೀ ಕನ್ನಡಿ ಮುಂದೆ ಎರಡು ಸಲ ನಿಂತಳು.

ಗಾಜಿನ ತಟ್ಟೆಯಲ್ಲಿ ಪಪ್ಪಾಯಿ ಹಾಲು ಹಾಕಿ, ಅದರೊಳಗೆ ಜೀವಂತ ಹುಳ ಬಿಟ್ಟದ್ದನ್ನು ಆಕೆ ಕಣ್ಣಾರೆ ನೋಡಿದಳು. ಸ್ವಲ್ಪ ಹೊತ್ತಿಗೆ ಹುಳಗಳ ಮೈ ಮೇಲೆ ಸಣ್ಣ ಸಣ್ಣ ಬೊಕ್ಕೆಗಳೆದ್ದವು. ಆಮೇಲೆ ಅವು ಒಡೆದು, ಒಳಗಿನದೆಲ್ಲ ಹೊರಗೆ ಬಂದು, ಕೊನೆಗೆ ತಟ್ಟೆಯಲ್ಲಿ ಕಲಗಚ್ಚಿನಂಥ ನೀರು ಉಳಿಯಿತು. "ಯಾ ಅಲ್ಲಾ," ಅಂದಳು. ಮೀನಾಕ್ಷಿ ಪುಸ್ತಕದಲ್ಲಿ ಗಂಟೆ ನಿಮಿಷ ಬರೆದುಕೊಳ್ಳುತ್ತಿದ್ದಳು.

ಇನ್ನು ಕುರಿಗಳ ಮೇಲೆ ನೋಡಬೇಕಿತ್ತು. ಕುಕ್ಕುವಾಡದಲ್ಲಿ ನಾಲ್ಕು ಮನೆಯವರು ಒಪ್ಪಿದರು. ಒಂದೊಂದು ಮನೆಯಿಂದ ಹದಿನೈದು ಕುರಿ, ಒಂದೊಂದಕ್ಕೂ ಕಿವಿಯಲ್ಲಿ ನಂಬರಿನ ಬಿಲ್ಲೆ. ಮೀನಾಕ್ಷಿ ನಾಲ್ಕೂ ಮನೆಯವರನ್ನು ಒಂದು ಕಟ್ಟೆ ಮೇಲೆ ಕೂರಿಸಿ ಕಾಗದ ಓದಿ ಹೇಳಿದಳು. ಎರಡು ಮನೆಯ ಕುರಿಗೆ ಪಪ್ಪಾಯಿ ಹಾಲಿನ ಔಷಧ, ಇನ್ನೆರಡು ಮನೆಯ ಕುರಿಗೆ ಬರೀ ಮೈದಾ ಕದಡಿದ ನೀರು. ಯಾರಿಗೆ ಯಾವುದು ಅಂತ ಹೇಳುವುದಿಲ್ಲ. ಎರಡು ತಿಂಗಳು ಬೇರೆ ಯಾವ ಔಷಧವನ್ನೂ ಕುಡಿಸಬಾರದು. ಯಾವುದಾದರೂ ಕುರಿ ತೀರಾ ಸೊರಗಿದರೆ ತಕ್ಷಣ ಫೋನು ಮಾಡಬೇಕು. ಅದನ್ನು ಲೆಕ್ಕದಿಂದ ತೆಗೆದು ಬೇರೆ ಚಿಕಿತ್ಸೆ ಕೊಡುತ್ತೇವೆ. ಎಲ್ಲ ಮುಗಿದ ಮೇಲೆ ಯಾವುದು ಒಳ್ಳೆಯದೋ ಅದನ್ನು ನಾಲ್ಕೂ ಮನೆಗೆ ಕೊಡುತ್ತೇವೆ. ಎಲ್ಲರೂ ಕೇಳಿದರು, ಹೆಬ್ಬೆಟ್ಟು ಒತ್ತುವವರು ಒತ್ತಿದರು, ಸಹಿ ಬರುವವರು ಸಹಿ ಹಾಕಿದರು.

ಯಾವ ಮನೆಗೆ ಯಾವುದು ಅಂತ ಚೀಟಿ ಎತ್ತಿದ್ದು ಕೇಂದ್ರದಲ್ಲಿ, ಮುಖ್ಯಸ್ಥರ ಕೋಣೆಯಲ್ಲಿ. "ಹಿಕ್ಕೆಯಲ್ಲಿರೋ ಹುಳದ ಮೊಟ್ಟೆ ಎಣಿಸೋಳು ನಾನು. ಯಾವುದು ಯಾರದ್ದು ಅಂತ ಗೊತ್ತಿದ್ರೆ ನನ್ನ ಕಣ್ಣೇ ನನಗೆ ಮೋಸ ಮಾಡುತ್ತೆ," ಅಂತ ಹೇಳಿ ಮೀನಾಕ್ಷಿ ಹೊರಗೆ ಹೋದಳು. ಚೀಟಿ ಎತ್ತಿದ್ದು ಹಜೀರಾಬೀ. ಔಷಧ ಕುಡಿಸುವವಳು ಅವಳಾದ್ದರಿಂದ ಅವಳಿಗೆ ಗೊತ್ತಿರಲೇಬೇಕು. ಮುಖ್ಯಸ್ಥರು ಪಟ್ಟಿಯನ್ನು ಲಕೋಟೆಯೊಳಗಿಟ್ಟು ಅರಗು ಒತ್ತಿದರು.

ನಾಲ್ಕು ಮನೆಯವರ ಪೈಕಿ ಮಾಲತೇಶಪ್ಪನಿಗೆ ಔಷಧ ಬಂದಿತ್ತು. ಓಬವ್ವನಿಗೆ ನೀರು.

ಓಬವ್ವ ಐವತ್ತು ದಾಟಿದ ಗಟ್ಟಿ ಹೆಂಗಸು. ಗಂಡುಮಕ್ಕಳಿಬ್ಬರೂ ದಾವಣಗೆರೆಯಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಕುರಿಗಳು ಮಾತ್ರ ಆಕೆಯವೇ, ಆಕೆಯ ಮಾತು ಬಿಟ್ಟು ಇನ್ನೊಬ್ಬರ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ಮೊದಲ ದಿನವೇ ಹಜೀರಾಬೀಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ ಕೊಟ್ಟಳು.

"ಬೋಟಿ ತೊಳಿಯೋಳಾ ನೀನು? ಹಂಗಾರೆ ಕುರಿ ಹಿಡಿಯೋದು ಯಾರ ಹತ್ರಾನೂ ಕಲೀಬೇಕಾಗಿಲ್ಲ ಬಿಡು ತಂಗಿ."

ಔಷಧ ಕುಡಿಸುವುದು ಹತ್ತು ದಿನಕ್ಕೊಮ್ಮೆ, ಒಟ್ಟು ಐದು ಸಲ. ಹಸಿರು ಪಪ್ಪಾಯಿ ಕಾಯಿಗಳಿಗೆ ಬೆಳಿಗ್ಗೆ ಬೆಳಿಗ್ಗೆಯೇ ಗೀರು ಹಾಕಿ ಇಳಿಸಿದ ಹಾಲನ್ನು ಮೀನಾಕ್ಷಿ ತಾನೇ ತೂಗಿ, ಮೂವತ್ತು ಕುರಿಗೆ ಎಷ್ಟು ಬೇಕೋ ಅಷ್ಟೇ ಬಿಳಿ ಕ್ಯಾನಿಗೆ ಹಾಕಿಡುತ್ತಿದ್ದಳು. ನೀಲಿ ಕ್ಯಾನಿನಲ್ಲಿ ಮೈದಾ ನೀರು. ಕೇಂದ್ರದ ಜೀಪು ಹಜೀರಾಬೀಯನ್ನು ಊರ ಮುಂದೆ ಇಳಿಸಿ ಹೋಗುತ್ತಿತ್ತು. ಹೊಟ್ಟೆಯ ಹುಳಿ ಅಡಗಲಿ ಅಂತ ಮೊದಲು ಸೋಡಾಪುಡಿ ನೀರು, ಆಮೇಲೆ ಸೂಜಿ ಇಲ್ಲದ ದೊಡ್ಡ ಸಿರಿಂಜಿನಿಂದ ನಾಲಿಗೆ ಹಿಂದಕ್ಕೆ ಔಷಧ. ಕುಡಿಸುವಾಗ ಪ್ರತಿ ಕುರಿಗೂ ಬಾಯಲ್ಲೇ ಬಿಸ್ಮಿಲ್ಲಾ ಅನ್ನುತ್ತಿದ್ದಳು, ಮೈದಾ ನೀರಿಗೂ.

ಎರಡನೇ ಸಲ ಹೋದಾಗ ಓಬವ್ವನ ಚುಕ್ಕಿ ಅನ್ನುವ ಕುರಿಯ ದವಡೆ ಕೆಳಗೆ ನೀರು ತುಂಬಿಕೊಂಡು ಚೀಲದ ಹಾಗೆ ಜೋತುಬಿದ್ದಿತ್ತು. ಕೆಳಗಿನ ಕಣ್ಣೆವೆ ಎಳೆದು ನೋಡಿದರೆ ಸುಣ್ಣ ಬಳಿದಷ್ಟು ಬಿಳುಪು. ಮೈಯ ರಕ್ತವನ್ನೆಲ್ಲ ಹುಳ ಕುಡಿದ ಗುರುತು ಅದು. ಹಜೀರಾಬೀ ಫೋನು ಮಾಡಿದಳು. ಮೀನಾಕ್ಷಿ ಮಧ್ಯಾಹ್ನದೊಳಗೇ ಬಂದು ಚುಕ್ಕಿಯ ನಂಬರು ಹೊಡೆದುಹಾಕಿ, ಸೂಜಿ ಚುಚ್ಚಿ, ಶಕ್ತಿಯ ಔಷಧ ಕೊಟ್ಟಳು. ಹೊರಡುವಾಗ ಅವಳ ಮುಖ ಸಣ್ಣಗಾಗಿತ್ತು.

"ಹದಿನೈದರಲ್ಲಿ ಒಂದು ಹೋಯ್ತು. ಇನ್ನೆರಡು ಹಿಂಗೇ ತೆಗೆಯೋ ಹಂಗಾದ್ರೆ ಇಡೀ ಹಿಂಡನ್ನೇ ಬಿಡ್ಬೇಕಾಗುತ್ತೆ," ಅಂದಳು, ಹಜೀರಾಬೀಗೆ ಅಲ್ಲ, ತನಗೆ ತಾನೇ ಅನ್ನುವ ಹಾಗೆ.

ಚುಕ್ಕಿ ಉಳಿಯಿತು. ಆದರೆ ಆಮೇಲಿನ ಹತ್ತು ದಿನ ಹಜೀರಾಬೀಗೆ ಅನ್ನ ಸೇರಲಿಲ್ಲ. ಮೂರನೇ ಸಲದ ಹಿಂದಿನ ದಿನ ಹಿಕ್ಕೆ ಸಂಗ್ರಹಿಸಲು ಹೋದಾಗ ಓಬವ್ವ ಹೇಳಿದಳು:

"ನಿನ್ನೆ ಬೈಕಿನ್ಯಾಗ ಔಷಧ ಮಾರೋನು ಬಂದಿದ್ದ ತಂಗಿ. ಹುಳಕ್ಕೆ ಹೊಸಾದು ಬಂದೈತೆ, ಕುಡಿಸು ಅಂದ. ಬ್ಯಾಡ ಅಂತ ಕಳ್ಸಿದೆ. ಮಾತು ಕೊಟ್ಟೀನಲ್ಲ. ನಿಮ್ದು ಇನ್ನೆರಡು ಸಲ ಬಿದ್ರೆ ಉಳಿದೋವೂ ಚೇತರಿಸ್ಕೊಂತಾವೆ ಬಿಡು."

ಹಜೀರಾಬೀ ತಲೆ ತಗ್ಗಿಸಿ ಹಿಕ್ಕೆಯನ್ನು ಪ್ಲಾಸ್ಟಿಕ್ ಕವರಿಗೆ ತುಂಬಿದಳು. ಈ ಹೆಂಗಸಿಗೆ ಕಟ್ಟೆ ಮೇಲೆ ಓದಿದ್ದು ಅರ್ಥವೇ ಆಗಿಲ್ಲ ಅಂದುಕೊಂಡಳು. ಇಷ್ಟು ನಂಬಿದವಳಿಗೆ ನಾನು ನನ್ನ ಕೈಯಾರೆ ಹಿಟ್ಟಿನ ನೀರು ಕುಡಿಸುತ್ತಿದ್ದೇನೆ. ಚೀಟಿ ಎತ್ತಿದ್ದೂ ಇದೇ ಕೈ. ಆಕೆ ನೋಡಿದಷ್ಟರಲ್ಲೇ ಇನ್ನೂ ನಾಲ್ಕು ಕುರಿಗಳ ಕಣ್ಣೆವೆ ಬಿಳುಪಾಗಿತ್ತು. ಫೋನು ಮಾಡಬಹುದಿತ್ತು. ಮಾಡಿದರೆ ಹಿಂಡು ಹೋಗುತ್ತದೆ, ಮೇಡಂ ಎರಡು ವರ್ಷದಿಂದ ಮಾಡಿದ ಕೆಲಸ ಕೆಡುತ್ತದೆ. ಮಾಡದಿದ್ದರೆ ಕುರಿ ಹೋಗುತ್ತವೆ. ಇಬ್ಬರಿಗೂ ಕೆಡುಕಾಗದ ಹಾಗೆ ಏನಾದರೂ ಮಾಡಬೇಕು ಅಂತ ಬಸ್ಸಿನಲ್ಲಿ ಯೋಚಿಸುತ್ತಾ ಬಂದಳು.

ಮರುದಿನ ಬೆಳಿಗ್ಗೆ ಜೀಪು ಇಳಿಸಿಹೋದ ಮೇಲೆ ಹಾಲಿನ ಡೇರಿಯ ಹಿಂದಿನ ಗೋಡೆ ಹತ್ತಿರ ನಿಂತು, ಬಿಳಿ ಕ್ಯಾನಿನಿಂದ ಒಂದು ಬಾಟಲಿಗೆ ಔಷಧ ಬಸಿದಳು. ಸುಮಾರು ಮೂರರಲ್ಲೊಂದು ಪಾಲು. ಕ್ಯಾನು ಕಡಿಮೆಯಾಗಿ ಕಂಡಿತು. ಅಲ್ಲೇ ಇದ್ದ ನಲ್ಲಿಯಿಂದ ಅಷ್ಟೇ ನೀರು ತುಂಬಿ ಅಲ್ಲಾಡಿಸಿದಳು. ಬಿಳಿ ಬಿಳಿಯಾಗಿಯೇ ಉಳಿಯಿತು. ಬಾಟಲಿಯದನ್ನು ಓಬವ್ವನ ಹದಿನಾಲ್ಕು ಕುರಿಗೆ ಕುಡಿಸಿದಳು, ಬಿಳಿ ಕ್ಯಾನಿನದನ್ನು ಔಷಧ ಬಂದಿದ್ದ ಎರಡು ಹಿಂಡಿಗೆ. ಅವತ್ತು ಯಾವ ಕುರಿಗೂ ಬಾಯಿಂದ ಬಿಸ್ಮಿಲ್ಲಾ ಬರಲಿಲ್ಲ. ಅಂದರೆ ಮಾಡುತ್ತಿರುವುದು ತಪ್ಪು ಅಂತ ಆಗಲೇ ಒಳಗೆಲ್ಲೋ ಆಕೆಗೆ ಗೊತ್ತಿತ್ತು.

ಸ್ವಲ್ಪ ತೆಳುವಾದರೇನಂತೆ, ಔಷಧ ಔಷಧವೇ ಅಂತ ಸಮಾಧಾನ ಮಾಡಿಕೊಂಡಳು. ನಾಲ್ಕನೇ ಸಲವೂ ಹಾಗೇ ಮಾಡಿದಳು. ಓಬವ್ವನ ಕುರಿಗಳ ಕಣ್ಣಲ್ಲಿ ಸ್ವಲ್ಪ ಕೆಂಪು ಕಾಣಿಸಿತು. ಆಮೇಲೆ ಮಾಲತೇಶಪ್ಪನ ಮನೆಗೆ ಹೋಗಿ ಅಲ್ಲೂ ಕಣ್ಣೆವೆ ಎಳೆದು ನೋಡಿದಳು. ಮೊದಲೆರಡು ಸಲಕ್ಕೆ ಅವನ ಹಿಂಡಿನ ಕಣ್ಣೆವೆಗಳು ದಾಳಿಂಬೆ ಕಾಳಿನಂತಾಗಿದ್ದವು. ಈಗ ಎರಡು ಕುರಿಗಳದು ಮತ್ತೆ ಬಿಳಿಚಿತ್ತು. ಆ ವಾರ ಬಿಡದೆ ಮಳೆ, ಹಸಿ ಹುಲ್ಲಿನ ತುಂಬ ಹುಳದ ಮರಿಗಳು.

ಮಾಲತೇಶಪ್ಪ ಪಕ್ಕದಲ್ಲೇ ಕುರಿ ಹಿಡಿದು ನಿಂತಿದ್ದ. ಮಾತು ಕಡಿಮೆಯ ಮನುಷ್ಯ. "ಹೆಂಗ ಐತ್ರಿ?" ಅಂದ.

"ಮೋಡ ಐತಲ್ರಿ ಅಣ್ಣಾರೆ, ಬೆಳಕಿಲ್ಲ. ಚಲೋ ಅದಾವೆ," ಅಂದಳು.

ಜೇಬಿನಲ್ಲಿ ಫೋನಿತ್ತು. ಮಾಡಲಿಲ್ಲ. ಮಾಡಿದರೆ, ಔಷಧ ಬಿದ್ದ ಕುರಿ ಯಾಕೆ ಬಿಳಿಚಿತು ಅಂತ ಮೇಡಂ ಕೇಳುತ್ತಾಳೆ. ಆ ಪ್ರಶ್ನೆಗೆ ಹೆದರಿದಳು.

ಐದನೇ ಸಲ ಹೋಗುವಷ್ಟರಲ್ಲಿ ಆ ಎರಡೂ ಕುರಿ ಸತ್ತಿದ್ದವು. ಒಂದು ಗಬ್ಬದ್ದು. ಮಾಲತೇಶಪ್ಪ ಜಗಳ ಮಾಡಲಿಲ್ಲ. ಉಳಿದ ಹದಿಮೂರನ್ನು ತಾನೇ ಒಂದೊಂದಾಗಿ ಹಿಡಿದು ಕೊಟ್ಟ. ಐದನೇ ಸಲವೂ ಹಜೀರಾಬೀ ಕ್ಯಾನಿಗೆ ನೀರು ಬೆರೆಸಿದ್ದಳು, ಸುದ್ದಿ ಗೊತ್ತಾಗುವ ಮುಂಚೆ. ಗೊತ್ತಾದ ಮೇಲೂ ಅದನ್ನೇ ಕುಡಿಸಿದಳು.

ಎಣಿಕೆಯೆಲ್ಲ ಮುಗಿದು ಅರಗಿನ ಲಕೋಟೆ ಒಡೆದ ದಿನ ಹಜೀರಾಬೀ ಪಕ್ಕದ ಕೋಣೆಯಲ್ಲಿ ಗಾಜು ತೊಳೆಯುತ್ತಿದ್ದಳು. ಮೀನಾಕ್ಷಿಯ ದನಿ ಕೇಳಿಸಿತು. "ಎರಡರ ನಡುವೆ ವ್ಯತ್ಯಾಸಾನೇ ಇಲ್ಲ ಸರ್." ಔಷಧ ಬಿದ್ದ ಹಿಂಡುಗಳಲ್ಲೂ ಮೊಟ್ಟೆ ಅಷ್ಟೇ, ನೀರು ಬಿದ್ದ ಹಿಂಡುಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಸತ್ತ ಎರಡು ಕುರಿಯೂ ಔಷಧದ ಗುಂಪಿನವು. ಗಾಜಿನ ತಟ್ಟೆಯಲ್ಲಿ ಆದದ್ದು ಕುರಿ ಹೊಟ್ಟೆಯಲ್ಲಿ ಆಗುವುದಿಲ್ಲ ಅಂತ ವರದಿ ಬರೆದು ಮುಗಿಸಿದರು. ಮುಂದಿನ ಹಂತಕ್ಕೆ ಬರಬೇಕಿದ್ದ ಅನುದಾನ ನಿಂತಿತು. ಮೀನಾಕ್ಷಿ ಕೇಂದ್ರ ಬಿಟ್ಟು ಹರಿಹರದ ಕಡೆ ಒಂದು ಹಳ್ಳಿಯ ಪಶು ಆಸ್ಪತ್ರೆಗೆ ಹೋದಳು. ಹೋಗುವಾಗ ಹಜೀರಾಬೀಯ ಕೆಲಸ ಹೋಗಬಾರದೆಂದು ಮುಖ್ಯಸ್ಥರ ಹತ್ತಿರ ಮಾತಾಡಿ ಗಾಜು ತೊಳೆಯುವ ಕೆಲಸದಲ್ಲಿ ಉಳಿಸಿಹೋದಳು.

ಅದೇ ಆಕೆಗೆ ಎಲ್ಲಕ್ಕಿಂತ ಭಾರವಾಯಿತು.

ಒಂದು ವರ್ಷ ಹೀಗೇ ಕಳೆಯಿತು. ಅಚ್ಚಾದ ವರದಿಯ ಒಂದು ಪ್ರತಿಯನ್ನು ಮೀನಾಕ್ಷಿ ಆಕೆಗೂ ಕಳಿಸಿದ್ದಳು. ಒಂದು ಭಾನುವಾರ ಬುಷ್ರಾ ಅದನ್ನು ತಿರುವಿಹಾಕುತ್ತಾ ಕೊನೆಯ ಪುಟಕ್ಕೆ ಬಂದಳು. "ಅಮ್ಮೀ, ನಿನ್ ಹೆಸರಿದೆ!" ಅಂತ ಕೂಗಿ, ಇಂಗ್ಲಿಷಿನಲ್ಲಿದ್ದದ್ದನ್ನು ಮನೆಮಾತು ಉರ್ದುವಿನಲ್ಲಿ ಹೇಳಿದಳು. ಶ್ರೀಮತಿ ಹಜೀರಾಬೀ ಅವರ ಪ್ರಾಮಾಣಿಕ ಕೆಲಸಕ್ಕೆ ಲೇಖಕಿ ಋಣಿ.

ಮೌಲಾ ಸಾಬ್ ಮೆಚ್ಚಿಗೆಯಿಂದ ಹೆಂಡತಿಯ ಕಡೆ ನೋಡಿದ. ಹಜೀರಾಬೀ ಎದ್ದು ಹಿತ್ತಲಿಗೆ ಹೋದಳು. ಬುಷ್ರಾ ಹಿಂದೆಯೇ ಹೋದಾಗ ತೊಳೆಯುವ ಕಲ್ಲಿನ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಆಗ ಹೇಳಿದಳು, ಎಲ್ಲವನ್ನೂ.

ಬುಷ್ರಾ ಪಕ್ಕದಲ್ಲಿ ಬಂದು ಕೂತಳು. "ಇದು ಬರೀ ಎರಡು ಕುರಿ ಮಾತಲ್ಲ ಅಮ್ಮೀ. ಈ ವರದಿ ಓದಿದೋರು ಇನ್ಮೇಲೆ ಇದನ್ನ ಮುಟ್ಟೋದಿಲ್ಲ. ಬೇರೆ ಊರಲ್ಲಿ ಯಾರಾದ್ರೂ ಇದೇ ಕೆಲಸ ಮಾಡ್ಬೇಕು ಅಂತಿದ್ರೆ ಅವರೂ ಕೈಬಿಡ್ತಾರೆ."

"ನಿಜವಾಗ್ಲೂ ಕೆಲಸ ಮಾಡ್ತಿತ್ತಾ ಅದು?"

"ಅದೇ ಗೊತ್ತಿಲ್ಲ. ಮಾಡ್ತಿತ್ತೋ ಇಲ್ವೋ ಯಾರಿಗೂ ಗೊತ್ತಾಗ್ದಂಗೆ ಆಯ್ತು."

ಮೂರನೇ ದಿನ ಹಜೀರಾಬೀ ಪಶು ಆಸ್ಪತ್ರೆಗೆ ಹೋದಳು. ಮೀನಾಕ್ಷಿ ಒಂದು ಎಮ್ಮೆಗೆ ಔಷಧ ಕೊಟ್ಟು ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಕಂಡ ಕೂಡಲೇ ಮುಖ ಅರಳಿತು. "ಹಜೀರಮ್ಮ! ಬನ್ನಿ, ಕೂತ್ಕೊಳ್ಳಿ. ಬುಷ್ರಾ ಹೆಂಗಿದಾಳೆ?"

"ಔಷಧಕ್ಕೆ ನಾನು ನೀರು ಹಾಕಿದ್ದೆ ಮೇಡಂ," ಅಂದಳು ಹಜೀರಾಬೀ ನಿಂತೇ.

"ಯಾವ ಔಷಧಕ್ಕೆ?"

"ಪಪ್ಪಾಯಿ ಹಾಲಿಗ್ರಿ. ಕುಕ್ಕುವಾಡದಾಗ."

ನಲ್ಲಿ ಸುರಿಯುತ್ತಲೇ ಇತ್ತು. ಹಜೀರಾಬೀ ಬಾಟಲಿಯ ವಿಷಯ, ಓಬವ್ವನ ಹಿಂಡಿನ ವಿಷಯ ಹೇಳಿದಳು. ಮೀನಾಕ್ಷಿ ನಲ್ಲಿ ನಿಲ್ಲಿಸಿ, ಒಳಗಿಂದ ಒಂದು ಪುಸ್ತಕ ಪೆನ್ನು ತಂದು ಕೂತಳು.

"ಎಷ್ಟು ಸಲ?"

"ಮೂರು. ಮೂರನೇದು, ನಾಲ್ಕನೇದು, ಐದನೇದು."

"ಪ್ರತಿ ಸಲ ಎಷ್ಟು ತೆಗೆದ್ರಿ? ಸರಿಯಾಗಿ ಹೇಳಿ."

"ಒಂದ್ಸಲ ಬಾಟ್ಲಿ ತುಂಬ. ಒಂದ್ಸಲ ಒಂಚೂರು ಕಮ್ಮಿ. ನೆನಪಿಲ್ಲ ಮೇಡಂ."

ಪೆನ್ನು ನಿಂತಿತು. "ವರ್ಷದಿಂದ ನಾನು ನನ್ನನ್ನೇ ಬೈಕೊಂಡಿದೀನಿ, ಗೊತ್ತಾ? ತೂಕದಲ್ಲಿ ತಪ್ಪಿದ್ನಾ, ಹಾಲು ಇಟ್ಟ ಫ್ರಿಜ್ಜು ಕೆಟ್ಟಿತ್ತಾ, ಎಣಿಸೋವಾಗ ಕಣ್ಣು ತಪ್ಪಿತಾ ಅಂತ. ನಿಮ್ಮ ಮೇಲೆ ಒಂದು ದಿನಾನೂ ಅನುಮಾನ ಬರ್ಲಿಲ್ಲ."

"ಕುರಿ ಸೊರಗಿದ್ವು ಮೇಡಂ."

"ಸೊರಗಿದ್ರೆ ಒಂದು ಫೋನ್ ಮಾಡಿ ಅಂತ ಹೇಳಿದ್ನಲ್ಲ? ತೆಗೆದು ಸೂಜಿ ಹಾಕ್ತಿದ್ದೆ. ಚುಕ್ಕಿಗೆ ಹಾಕ್ಲಿಲ್ವಾ? ಆ ದಾರಿ ಇಟ್ಟಿದ್ದೇ ಅದಕ್ಕೆ."

"ಅವತ್ತು ನಿಮ್ ಮುಖ ಸಣ್ಣಗಾಗಿತ್ತು. ಇನ್ನೆರಡು ಹೋದ್ರೆ ಹಿಂಡೇ ಬಿಡ್ಬೇಕು ಅಂದ್ರಿ."

"ನನ್ನ ಮುಖ ನೋಡ್ಕೊಂಡು ಔಷಧಕ್ಕೆ ನೀರು ಹಾಕಿದ್ರಾ?"

ಹಜೀರಾಬೀ ಹೇಳಬೇಕಾದದ್ದು ಇನ್ನೂ ಒಂದು ಉಳಿದಿತ್ತು. ಮಾಲತೇಶಪ್ಪನ ಎರಡು ಕುರಿಗಳ ಕಣ್ಣು ಬಿಳಿಚಿದ್ದನ್ನು ನೋಡಿಯೂ ಫೋನು ಮಾಡಲಿಲ್ಲ, ಮೋಡ ಅಂತ ಸುಳ್ಳು ಹೇಳಿದೆ ಅಂದಳು.

ಮೀನಾಕ್ಷಿ ಪುಸ್ತಕ ಮುಚ್ಚಿದಳು. "ಈಗ ಹೋಗಿ. ಸಿಟ್ಟಲ್ಲಿ ನಾನು ಏನಾದ್ರೂ ಅಂದುಬಿಡ್ತೀನಿ."

ವಾರದೊಳಗೆ ಕೇಂದ್ರಕ್ಕೆ ಕರೆ ಬಂತು. ಮುಖ್ಯಸ್ಥರ ಮುಂದೆ ಹಜೀರಾಬೀ ಎಲ್ಲವನ್ನೂ ಮತ್ತೆ ಹೇಳಿದಳು. ಗುಮಾಸ್ತ ಕನ್ನಡದಲ್ಲಿ ಬರೆದುಕೊಂಡ, ಆಕೆ ಉರ್ದುವಿನಲ್ಲಿ ಸಹಿ ಹಾಕಿದಳು. ಅವತ್ತೇ ಕೆಲಸ ಹೋಯಿತು. ವರದಿಯನ್ನು ಹಿಂದಕ್ಕೆ ಪಡೆದರು. ಕೆಳಗಿನವರ ಮೇಲೆ ಸರಿಯಾದ ನಿಗಾ ಇಡಲಿಲ್ಲವೆಂದು ಮೀನಾಕ್ಷಿಯ ಹೆಸರಿಗೂ ಒಂದು ಟಿಪ್ಪಣಿ ಬಿತ್ತು. ಸುದ್ದಿಯನ್ನು ಬುಷ್ರಾಳೇ ಎಲ್ಲಿಂದಲೋ ತಂದಳು. ಮಾಡಿದವಳು ತಾನು, ಕಪ್ಪು ಚುಕ್ಕೆ ಅವಳಿಗೆ ಅನ್ನುವುದು ಹಜೀರಾಬೀಯನ್ನು ಒಳಗೊಳಗೇ ತಿಂದಿತು. ಮತ್ತೆ ಹಿತ್ತಲಲ್ಲಿ ಬೋಟಿ ತೊಳೆಯಲು ಕೂತಳು. ಮಳೆಗಾಲ ಬಂದು ಹೊಟ್ಟೆಗಳಲ್ಲಿ ಹುಳ ಕಾಣಿಸಿದಾಗ ನೋಡದೆ ಬಿಸಿನೀರು ಸುರಿದುಬಿಡುತ್ತಿದ್ದಳು.

ಏಳೆಂಟು ತಿಂಗಳ ಮೇಲೆ ಮೀನಾಕ್ಷಿಯ ಫೋನು ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ, ಮುಂಚಿನ ಸಲುಗೆಯೂ ಇರಲಿಲ್ಲ.

"ಮತ್ತೆ ಮೊದಲಿಂದ ಮಾಡೋಕೆ ಅನುಮತಿ ಸಿಕ್ಕಿದೆ. ನೀವು ಬರೋ ಹಂಗಿಲ್ಲ. ಆದ್ರೆ ಕುಕ್ಕುವಾಡದಲ್ಲಿ ಪಪ್ಪಾಯಿ ಔಷಧ ಅಂದ್ರೆ ಜನ ಮುಖ ತಿರುಗಿಸ್ತಾರೆ. ಹಿಂದೆ ಏನಾಯ್ತು ಅಂತ ಅವರಿಗೆ ಗೊತ್ತಾಗ್ಬೇಕು. ನಾನು ಹೇಳ್ಲಾ, ನೀವೇ ಹೇಳ್ತೀರಾ?"

"ನಾನೇ ಹೇಳ್ತೀನಿ ಮೇಡಂ."

ಓಬವ್ವ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಕಂಡ ಕೂಡಲೇ ಸೊಸೆಗೆ ಚಾ ಇಡಲು ಕೂಗಿದಳು. ಹಜೀರಾಬೀ ಚಾ ಬರುವ ಮುಂಚೆಯೇ ಹೇಳಿ ಮುಗಿಸಿದಳು. ನಿಮ್ಮದಕ್ಕೆ ಬಿದ್ದದ್ದು ನೀರು, ನೀವು ಪಾಪ ಔಷಧ ಅಂತ ನಂಬಿದ್ದಿರಿ, ನೋಡಲಾಗದೆ ಹೀಗೆ ಮಾಡಿದೆ ಅಂದಳು.

ಓಬವ್ವನ ಕೈ ಮೊರದ ಮೇಲೇ ನಿಂತಿತು.

"ನನಗೆ ಗೊತ್ತಿರ್ಲಿಲ್ಲ ಅಂತ ಯಾರು ಹೇಳಿದ್ರು ನಿನಗೆ?"

"ನಮ್ ಔಷಧದಿಂದ ಚೇತರಿಸ್ಕೊಂತಾವೆ ಅಂತ ನೀವೇ ಅಂದಿದ್ರಲ್ಲಕ್ಕ."

"ಔಷಧ ಬಂದಿದ್ರೂ ಬಂದಿರ್ಬೋದು ಅಂತ ಆಸೆ ಇಟ್ಕಂಡಿದ್ದೆ. ಆಸೆ ಇಟ್ಕಳ್ಳೋದು ತಪ್ಪಾ? ಡಾಕ್ಟ್ರಮ್ಮ ಕಟ್ಟೆ ಮ್ಯಾಲೆ ಓದಿದ್ದು ನನ್ ಕಿವಿಗೂ ಬಿದ್ದಿತ್ತು. ಎರಡು ಮನಿಗೆ ಬರೀ ನೀರು ಅಂತ. ನನ್ ಮನಿಗೇ ನೀರು ಬಂದ್ರೂ ಬರ್ಲಿ, ನಾಳೆ ಎಲ್ಲಾರ್ ಕುರಿಗೂ ಒಂದು ಔಷಧ ಸಿಗ್ತೈತೆ ಅಂತ್ಲೇ ಹೆಬ್ಬೆಟ್ಟು ಒತ್ತಿದ್ದೆ. ಅಷ್ಟೂ ತಿಳಿಯದ ಹೆಡ್ಡಿ ಅಂದ್ಕಂಡಿಯೇನು ನನ್ನ?"

"ಇಲ್ಲಕ್ಕ..."

"ಮಾಲತೇಶಪ್ಪನ ಕುರಿ ಸತ್ತಿದ್ದು ನನ್ ಕುರಿ ಉಳೀಲಿ ಅಂತಾ? ನಾನು ಕೇಳಿದ್ನಾ ನಿನ್ನ? ಈಗ ಆ ಮನುಷ್ಯನ ಮುಖ ನಾನು ಹೆಂಗ ನೋಡ್ಲಿ?"

ಸೊಸೆ ಚಾ ತಂದಿಟ್ಟಳು. ಇಬ್ಬರೂ ಮುಟ್ಟಲಿಲ್ಲ. ಕೊನೆಗೆ ಓಬವ್ವನೇ ಲೋಟ ಕೈಗಿಟ್ಟು, "ಕುಡಿ. ಅವನ ಹತ್ರಾನೂ ಹೋಗ್ಬೇಕಲ್ಲ," ಅಂದಳು. ಹಜೀರಾಬೀ ಕುಡಿದಳು. ಇಷ್ಟು ದಿನ ತಾನು ಮಾಡಿದ್ದು ಮರುಕದಿಂದ ಅನ್ನುವ ಒಂದು ಸಣ್ಣ ಸಮಾಧಾನವಾದರೂ ಇತ್ತು. ಅದನ್ನೂ ಓಬವ್ವ ಕಿತ್ತುಕೊಂಡಿದ್ದಳು.

ಮಾಲತೇಶಪ್ಪ ಹಟ್ಟಿಯ ಬೇಲಿಗೆ ಮುಳ್ಳು ಕಟ್ಟುತ್ತಿದ್ದ. "ಕೂಡ್ರಿ," ಅಂದ. ಹಜೀರಾಬೀ ಕೂರಲಿಲ್ಲ. ನಿಮ್ಮ ಎರಡು ಕುರಿ ಸತ್ತದ್ದು ಔಷಧದಿಂದಲ್ಲ, ನಾನು ಔಷಧ ಕದ್ದದ್ದರಿಂದ ಇರಬೇಕು. ಕಣ್ಣು ಬಿಳಿಚಿದ್ದು ಅವತ್ತೇ ನನಗೆ ಕಂಡಿತ್ತು, ನಿಮಗೆ ಸುಳ್ಳು ಹೇಳಿದೆ ಅಂದಳು. ಅವನು ಹಗ್ಗ ಎಳೆದು ಗಂಟು ಹಾಕಿದ. ಇನ್ನೊಂದು ಮುಳ್ಳಿನ ಕೊಂಬೆ ತಗೊಂಡ. ಅದನ್ನೂ ಕಟ್ಟಿದ.

"ಆ ಔಷಧ ಸರಿಯಾಗಿ ಬಿದ್ದಿದ್ರೆ ಅವು ಉಳೀತಿದ್ವಾ?" ಅಂತ ಕೇಳಿದ.

ಬರುವಾಗ ದಾರಿಯುದ್ದಕ್ಕೂ ಬೈಗುಳಕ್ಕೆ ಸಿದ್ಧವಾಗಿದ್ದಳು ಹಜೀರಾಬೀ. ಈ ಪ್ರಶ್ನೆಗೆ ಸಿದ್ಧವಾಗಿರಲಿಲ್ಲ.

"ಗೊತ್ತಿಲ್ರಿ ಅಣ್ಣಾರೆ."

"ಡಾಕ್ಟ್ರಿಗಾದ್ರೂ ಗೊತ್ತಾ?"

"ಅವರಿಗೂ ಗೊತ್ತಿಲ್ಲ. ಗೊತ್ತಾಗ್ಬೇಕು ಅಂತ್ಲೇ ಮಾಡಿದ್ದು ಅದು. ನಾನು ಕೆಡಿಸಿದೆ."

ಮಾಲತೇಶಪ್ಪ ತಲೆಯಾಡಿಸಿದ. ಕ್ಷಮಿಸಿದೆ ಅಂತಲೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಆಕೆ ಸ್ವಲ್ಪ ಹೊತ್ತು ನಿಂತಿದ್ದು ಬಸ್ಸಿಗೆ ನಡೆದಳು.

ಹದಿನೈದು ದಿನದ ಮೇಲೆ ಮೀನಾಕ್ಷಿ ಫೋನು ಮಾಡಿ ಹೇಳಿದಳು: ಓಬವ್ವ ಮತ್ತೆ ಹೆಬ್ಬೆಟ್ಟು ಒತ್ತಿದ್ದಾಳೆ. ಮಾಲತೇಶಪ್ಪನೂ ಹೆಸರು ಬರೆಸಿದ್ದಾನೆ, ಆದರೆ ಒಂದು ಮಾತಿನ ಮೇಲೆ. ಆ ಹೆಂಗಸು ಮಾತ್ರ ನನ್ನ ಹಟ್ಟಿಯ ಒಳಗೆ ಕಾಲಿಡಬಾರದು ಅಂದಿದ್ದಾನೆ.

"ಬೇಜಾರು ಮಾಡ್ಕೋಬೇಡಿ," ಅಂದಳು ಮೀನಾಕ್ಷಿ.

"ಇಲ್ಲ ಮೇಡಂ. ಅವರು ಸರಿಯಾಗೇ ಹೇಳ್ಯಾರೆ."

ಈ ಸಲ ಔಷಧ ಕುಡಿಸಲು ಇಬ್ಬರನ್ನು ಇಟ್ಟಿದ್ದಾರೆ, ಒಬ್ಬರ ಮೇಲೆ ಒಬ್ಬರ ಕಣ್ಣಿರಲಿ ಅಂತ. ಕ್ಯಾನುಗಳಿಗೆ ಬೀಗ ಹಾಕಿದ್ದಾರೆ. ಇಷ್ಟೆಲ್ಲ ಬುಷ್ರಾ ವಿಚಾರಿಸಿಕೊಂಡು ಬಂದು ಹೇಳಿದಳು. ನಾಲ್ಕು ಮನೆಯಲ್ಲಿ ಎರಡಕ್ಕೆ ಈಗಲೂ ಬರೀ ನೀರೇ. ಯಾವ ಎರಡು ಅಂತ ಹಜೀರಾಬೀಗೆ ಗೊತ್ತಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯಿತು ಅನ್ನುತ್ತಾಳೆ. ಮತ್ತೆ ಆ ಡೇರಿ ಗೋಡೆಯ ಹಿಂದೆ ಎರಡು ಕ್ಯಾನು ಹಿಡಿದು ನಿಂತರೆ ಏನು ಮಾಡುತ್ತಿದ್ದೆ ಅಂತ ಮಗಳು ಒಮ್ಮೆ ಕೇಳಿದಳು. ಫೋನು ಮಾಡುತ್ತಿದ್ದೆ ಅಂತ ಹೇಳಲು ಬಾಯಿ ತೆರೆದ ಹಜೀರಾಬೀ, ಹೇಳದೆ ಸುಮ್ಮನಾದಳು.